ಕೆಸರಿನ ಎರೆಹುಳುವಿನ ವರ್ಗೀಕರಣ: ಒಂದು ವಿಮರ್ಶೆ

ಎರೆಹುಳುವನ್ನು ಕುರಿತು ಕನ್ನಡದಲ್ಲಿ ಬರವಣಿಗೆ ಇಲ್ಲವೆಂದು ಇಂದು ಯಾರೂ ದೂರುವಂತಿಲ್ಲ. ಆದರೆ ಅದರಲ್ಲಿ ಹೆಚ್ಚಿನ ಪಾಲು ಗೊಬ್ಬರದ ತೊಟ್ಟಿಯ ಹುಳುವಿಗೆ ಸಂಬಂಧಪಟ್ಟದ್ದು. ಆಫ್ರಿಕದಿಂದ ಬಂದ ಯೂಡ್ರಿಲಸ್ ಯೂಜೀನಿಯೆ ಎಂಬ ಹೆಸರು ನಮ್ಮ ಕೃಷಿಕರಿಗೂ ಪರಿಚಿತವಾಗಿದೆ. ನೀರು ನಿಂತ ಗದ್ದೆಯ ಕೆಸರಿನಲ್ಲಿಯೂ ಹಳ್ಳದ ಅಂಚಿನಲ್ಲಿಯೂ ಬಾಳುವ ಅರೆಜಲವಾಸಿ ಹುಳುವಿಗೆ ಮಾತ್ರ ಕನ್ನಡದಲ್ಲಿ ಪ್ರತ್ಯೇಕವಾದ ಹೆಸರೇ ನಿಂತಿಲ್ಲ. ಎರೆ ಎಂದರೆ ಗಾಳಕ್ಕೆ ಸಿಕ್ಕಿಸುವ ಆಹಾರ. ಮೀನು ಹಿಡಿಯುವವನ ಕಣ್ಣಿಗೆ ಎಲ್ಲ ಹುಳುವೂ ಎರೆಯೇ ಆಗಿರುವುದು ಸಹಜ. ಶಾಸ್ತ್ರಜ್ಞನ ಕಣ್ಣಿಗೂ ಹಾಗೆಯೇ ಆದರೆ ಅದು ವಿಚಾರಾರ್ಹವಾದ ಸಂಗತಿ.

ಈ ಹುಳುಗಳಲ್ಲಿ ಮುಖ್ಯವಾದ ಜಾತಿ ಗ್ಲಿಫಿಡ್ರಿಲಸ್. ಲೈಡನ್ನಿನ ಹಾರ್ಸ್ಟ್ ಇದನ್ನು ೧೮೮೯ರಲ್ಲಿ ಸ್ಥಾಪಿಸಿದನು. ದಕ್ಷಿಣ ಭಾರತದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ಪ್ರಭೇದ ಗ್ಲಿಫಿಡ್ರಿಲಸ್ ಅನ್ನಂಡೇಲಿ. ೧೯೧೦ರಲ್ಲಿ ಇದಕ್ಕೆ ಈ ಹೆಸರನ್ನಿಟ್ಟವನು ಹ್ಯಾಂಬರ್ಗಿನ ಮೈಕೆಲ್ಸನ್. ಮುಂದೆ ೧೯೧೬ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಮೊದಲ ನಿರ್ದೇಶಕನಾದ ಅನ್ನಂಡೇಲನ ನೆನಪು ಈ ಹೆಸರಿನಲ್ಲಿ ಉಳಿದಿದೆ. ಹುಳುವಿನ ಹಿಂಭಾಗ ದುಂಡಗಿರದೆ ಚೌಕವಾಗಿರುತ್ತದೆ. ಗುದದ್ವಾರ ಬೆನ್ನಿನ ಕಡೆಗೆ ತೆರೆಯುತ್ತದೆ. ಪ್ರೌಢಾವಸ್ಥೆಯಲ್ಲಿ ಕ್ಲೈಟೆಲಮ್ ಎಂಬ ನಡುಪಟ್ಟಿಯ ಎರಡು ಪಕ್ಕಗಳಲ್ಲಿಯೂ ರೆಕ್ಕೆಯಂಥ ಏಣುಗಳು ಮೂಡುತ್ತವೆ. ಈ ರೆಕ್ಕೆಗಳೇ ವರ್ಗೀಕರಣಕಾರರ ಮುಖ್ಯ ಆಧಾರ.

ಆಧಾರವು ಎಷ್ಟರಮಟ್ಟಿಗೆ ಭದ್ರವೆಂಬುದೇ ಇಲ್ಲಿನ ಪ್ರಶ್ನೆ. ಸ್ಟೀಫನ್‌ಸನ್ ೧೯೨೩ರಲ್ಲಿ ಪ್ರಕಟಿಸಿದ ಬ್ರಿಟಿಷ್ ಇಂಡಿಯದ ಪ್ರಾಣಿವರ್ಗ ಮಾಲೆಯ ಸಂಪುಟಕ್ಕೆ ನಾವೆಲ್ಲರೂ ಋಣಿಗಳು. ಚದುರಿಹೋಗಿದ್ದ ವರ್ಣನೆಗಳನ್ನು ಒಂದೆಡೆ ತಂದು, ಭಾರತದ ವಿದ್ಯಾರ್ಥಿಗೆ ಹುಳುವನ್ನು ಗುರುತಿಸುವ ದಾರಿಯನ್ನು ತೋರಿಸಿದವನು ಆತ. ಆದರೆ ಆ ಸಂಪುಟವು ಬಹುಮಟ್ಟಿಗೆ ಸೀಸೆಯಲ್ಲಿಟ್ಟ ಹುಳುವಿನ ಶಾಸ್ತ್ರ. ರೆಕ್ಕೆ ಎಷ್ಟನೆಯ ಖಂಡದಿಂದ ಎಷ್ಟನೆಯ ಖಂಡದವರೆಗೆ ಹಬ್ಬಿದೆಯೆಂಬುದನ್ನು ಎಣಿಸುವಾಗ, ಆ ಹುಳುವಿನ ವಯಸ್ಸು, ಋತು, ನೆಲೆ ಇವುಗಳ ಪ್ರಶ್ನೆ ಹಿಂದೆ ಬೀಳುತ್ತದೆ. ಪ್ರೌಢವಲ್ಲದ ಹುಳುವಿಗೆ ರೆಕ್ಕೆಯೇ ಇಲ್ಲ. ಆದ್ದರಿಂದ ಅದಕ್ಕೆ ಹೆಸರೂ ಇಲ್ಲ. ಅಕಾಲದಲ್ಲಿ ಅಗೆದವನ ಪಟ್ಟಿಯಲ್ಲಿ ಇಡೀ ಒಂದು ಜಾತಿಯೇ ಕಾಣದೆ ಹೋಗಬಹುದು.

ಕುಟುಂಬದ ವಿಷಯದಲ್ಲಿಯೂ ಇಂಥದೇ ಅಸ್ಥಿರತೆ. ಸ್ಟೀಫನ್‌ಸನ್ ಈ ಜಾತಿಯನ್ನು ಗ್ಲಾಸೋಸ್ಕೋಲೆಸಿಡೆ ಎಂಬ ವಿಶಾಲ ಕುಟುಂಬದೊಳಗೆ ಇರಿಸಿದ್ದನು. ಇಂದು ಇದನ್ನು ಆಫ್ರಿಕದ ಆಲ್ಮ ಜಾತಿಯೊಡನೆ ಆಲ್ಮಿಡೆ ಕುಟುಂಬದಲ್ಲಿ ಸೇರಿಸಲಾಗುತ್ತದೆ. ಆಲ್ಮ ಜಾತಿಯ ಜೀವನಕ್ರಮದ ಮೇಲೆ ಬೀಡಲ್ ೧೯೫೭ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಪಾಠವಾಗತಕ್ಕದ್ದು. ಆಮ್ಲಜನಕ ಅತ್ಯಲ್ಪವಾಗಿರುವ ಪ್ಯಾಪಿರಸ್ ಜೌಗಿನಲ್ಲಿ ಆ ಹುಳು ಬಾಲವನ್ನು ಮೇಲಕ್ಕೆ ಚಾಚಿ, ಬೆನ್ನಿನ ಅಂಚುಗಳನ್ನು ಮಡಿಸಿ ದೋಣಿಯಂತೆ ಮಾಡಿಕೊಂಡು, ಅದರಲ್ಲಿ ಗಾಳಿಯನ್ನು ಹಿಡಿದು ಉಸಿರಾಡುತ್ತದೆ. ದೇಹದ ಆಕಾರದ ಅರ್ಥ ತಿಳಿಯುವುದು ಹುಳು ಬದುಕುವ ಕೆಸರಿನಲ್ಲಿಯೇ ಹೊರತು ಸೀಸೆಯಲ್ಲಿ ಅಲ್ಲವೆಂಬುದನ್ನು ಬೀಡಲ್ ತೋರಿಸಿಕೊಟ್ಟನು. ಗ್ಲಿಫಿಡ್ರಿಲಸಿನ ಚೌಕಬಾಲವನ್ನೂ ನಾವು ಈ ದೃಷ್ಟಿಯಿಂದಲೇ ನೋಡಬೇಕು.

ಥಾಯ್ಲೆಂಡಿನ ಚನಾಬುನ್ ಮತ್ತು ಸಂಗಡಿಗರು ೧೯೧೦ರ ಪರಂಪರೆಯನ್ನು ಮುಂದುವರಿಸಿ, ೨೦೧೩ರಲ್ಲಿ ತಮ್ಮ ದೇಶದ ಗ್ಲಿಫಿಡ್ರಿಲಸ್ ಪ್ರಭೇದಗಳನ್ನು ವಿಸ್ತಾರವಾಗಿ ವರ್ಣಿಸಿದರು; ಹಲವು ಹೊಸ ಪ್ರಭೇದಗಳನ್ನು ಹೆಸರಿಸಿದರು. ಚಿತ್ರಗಳ ಸ್ಪಷ್ಟತೆಯಲ್ಲಿಯೂ ಹಳೆಯ ಪ್ರಭೇದಗಳ ಪುನರ್ವರ್ಣನೆಯಲ್ಲಿಯೂ ಆ ಗ್ರಂಥ ಅನುಕರಣೀಯ. ಆದರೆ ೨೦೧೯ರಲ್ಲಿ ಜಿರಾಪತ್ರಸಿಲ್ಪ್ ಮತ್ತು ಅದೇ ಬಳಗದವರು ವಂಶವಾಹಿಗಳ ಸಹಾಯದಿಂದ ಈ ಹುಳುಗಳನ್ನು ಮತ್ತೆ ಪರೀಕ್ಷಿಸಿದಾಗ, ಹೊರನೋಟಕ್ಕೆ ಒಂದೇ ಆಗಿ ಕಾಣುವ ಹುಳುಗಳಲ್ಲಿ ಅಡಗಿರುವ ಭೇದಗಳೂ, ಒಂದೇ ಪ್ರಭೇದದೊಳಗೆ ತೋರುವ ಆಕಾರವೈವಿಧ್ಯವೂ ಬೆಳಕಿಗೆ ಬಂದವು. ತಾವು ಕಟ್ಟಿದುದನ್ನು ತಾವೇ ಒರೆಗೆ ಹಚ್ಚಿದ ಈ ಪ್ರಾಮಾಣಿಕತೆ ಶ್ಲಾಘನೀಯ. ರೆಕ್ಕೆಯ ಲೆಕ್ಕವೊಂದನ್ನೇ ನೆಚ್ಚಿ ಅನ್ನಂಡೇಲಿ ಎಂದು ಬರೆದು ಮುಗಿಸುವ ಅಭ್ಯಾಸಕ್ಕೆ ಇನ್ನು ಸಮರ್ಥನೆಯಿಲ್ಲ.

ಈ ತತ್ತ್ವವನ್ನು ಪರೀಕ್ಷಿಸಲು ಮೇಲೆ ಹೇಳಿದ ಮಲೆನಾಡಿಗಿಂತ ತಕ್ಕ ಕ್ಷೇತ್ರ ವಿರಳ. ತುಂಗೆ ಭದ್ರೆಗಳೆರಡೂ ಗಂಗಾಮೂಲದಲ್ಲಿ ಹುಟ್ಟುತ್ತವೆ. ತುಂಗೆ ಶೃಂಗೇರಿಯನ್ನೂ ಕೊಪ್ಪ ತಾಲ್ಲೂಕಿನ ಹರಿಹರಪುರವನ್ನೂ ಹಾಯುತ್ತದೆ. ಭದ್ರೆ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರನ್ನು ಹಾಯುತ್ತದೆ. ಬಹುದೂರ ಹರಿದು ಕೂಡ್ಲಿಯಲ್ಲಿ ಇವು ಸಂಗಮಿಸುತ್ತವೆ. ಒಂದೇ ಬೆಟ್ಟದ ಎರಡು ಕಣಿವೆಗಳ ಕೆಸರುಹುಳು ಒಂದೇ ಪ್ರಭೇದವೋ ಎರಡೋ ಎಂಬ ಪ್ರಶ್ನೆಗೆ ತಾಲ್ಲೂಕಿನ ಹೆಸರನ್ನು ಬರೆದ ಚೀಟಿ ಉತ್ತರ ಹೇಳಲಾರದು. ಹುಳುವಿಗೆ ಕಂದಾಯದ ಗಡಿ ತಿಳಿಯದು. ಅದಕ್ಕೆ ತಿಳಿದಿರುವುದು ನೀರಿನ ಗಡಿ. ಆದ್ದರಿಂದ ಸಂಗ್ರಹಕಾರನು ಹಳ್ಳವನ್ನೂ ಅದು ಸೇರುವ ಹೊಳೆಯನ್ನೂ ನೆಲೆಯ ಸ್ವರೂಪವನ್ನೂ ಗುರುತಿಸಿಡಬೇಕು. ಎಲ್ಲ ಮಾದರಿಗಳನ್ನೂ ಫಾರ್ಮಲಿನ್ನಿಗೆ ಹಾಕುವ ರೂಢಿಯನ್ನು ಬಿಟ್ಟು, ಕೆಲವನ್ನಾದರೂ ನೇರವಾಗಿ ತೀವ್ರ ಮದ್ಯಸಾರದಲ್ಲಿ ಇಡಬೇಕು. ಫಾರ್ಮಲಿನ್ ಅಂಗರಚನೆಯನ್ನು ಉಳಿಸುತ್ತದೆ, ಆದರೆ ವಂಶವಾಹಿಯನ್ನು ಕೆಡಿಸುತ್ತದೆ.

ಇದಕ್ಕೆ ಕಾಲವೂ ಹೆಚ್ಚು ಉಳಿದಿಲ್ಲ. ಬೈಲುಗದ್ದೆಗಳು ಅಡಿಕೆಯ ತೋಟಗಳಾಗುತ್ತಿವೆ. ಬಸಿಗಾಲುವೆ ತೆಗೆದು ನೀರನ್ನು ಹೊರಗೆ ಹಾಯಿಸಿದ ಮೇಲೆ ಕೆಸರಿನ ಹುಳುವಿಗೆ ಮನೆಯೇ ಇಲ್ಲ. ಅನ್ನಂಡೇಲಿಗೆ ಹೆಸರಿಟ್ಟ ೧೯೧೦ರಲ್ಲಿಯೇ ಮೈಸೂರು ಸರ್ಕಾರದ ಕೃಷಿ ಇಲಾಖೆಯಿಂದ ಕೋಲ್ಮನ್ನನ ಕೊಳೆರೋಗದ ಗ್ರಂಥ ಹೊರಬಂದಿತು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಅಡಿಕೆಯ ಬೆಳೆಗಾರನನ್ನು ಕಾಪಾಡಿತೆಂಬುದು ನಿರ್ವಿವಾದ. ಆದರೆ ವರ್ಷವರ್ಷವೂ ಸಿಂಪಡಿಸಿದ ತಾಮ್ರ ಮಣ್ಣಿನಲ್ಲಿ ಸಂಚಯವಾಗುತ್ತದೆಂಬುದೂ, ತಾಮ್ರ ಎರೆಹುಳುವಿಗೆ ವಿಷವೆಂಬುದೂ ಅಷ್ಟೇ ನಿರ್ವಿವಾದ. ಅಡಿಕೆಯ ರೋಗಕ್ಕೆ ತೋರಿದ ಶ್ರದ್ಧೆಯ ಒಂದಂಶವನ್ನು ಆ ತೋಟದ ಕೆಳಗಿನ ಕೆಸರಿಗೂ ತೋರುವುದು ನ್ಯಾಯ. ಬೆಳೆಗಾರನನ್ನು ದೂಷಿಸುವುದು ಇಲ್ಲಿನ ಉದ್ದೇಶವಲ್ಲ. ಭತ್ತ ಅವನ ಕೈಗೆ ಹತ್ತುವುದಿಲ್ಲ, ಅಡಿಕೆ ಹತ್ತುತ್ತದೆ.

ವರ್ಗೀಕರಣವೆಂಬುದು ಹೆಸರುಗಳ ಆಟವೆಂದು ತಿಳಿಯುವವರುಂಟು. ಹೆಸರಿಲ್ಲದ ಜೀವಿ ಅಳಿದರೆ ಅಳಿದುದೂ ತಿಳಿಯುವುದಿಲ್ಲ. ತಪ್ಪು ಹೆಸರಿನ ಜೀವಿ ಅಳಿದರೆ, ಬೇರೆಡೆ ಉಳಿದಿದೆಯೆಂಬ ಸುಳ್ಳು ಸಮಾಧಾನ ಉಳಿಯುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಅಪಾಯಕರ. ನಾಟಿಯ ದಿನಗಳಲ್ಲಿ, ಗದ್ದೆಯಲ್ಲಿ ಇನ್ನೂ ನೀರಿರುವಾಗಲೇ, ನಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಇಳಿಯಬೇಕು.