ಮಡ್ಡಿಯ ತೋಳ ಮತ್ತು ಕುರಿಗಾರ

ಮರವಿದ್ದರೆ ಪರಿಸರ, ಬೇಲಿಯಿದ್ದರೆ ಸಂರಕ್ಷಣೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮಡ್ಡಿ ಎಂಬ ಕಲ್ಲು-ಕುರುಚಲಿನ ಬಯಲನ್ನು, ಗಾಯರಾಣವೆಂಬ ಊರ ಗೋಮಾಳವನ್ನು ಕಂಡ ಪರಿಸರಪ್ರೇಮಿಗಳು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ: ಇಲ್ಲಿ ಸಸಿ ನೆಡಬೇಕು, ಕುರಿ ಬಿಡಬಾರದು. ಉದ್ದೇಶ ಒಳ್ಳೆಯದೇ. ಆದರೆ ಇಂಥ ನೆಲವನ್ನೇ ನಂಬಿದ ತೋಳಕ್ಕೆ ಈ ಎರಡರಿಂದಲೂ ಕುತ್ತು.

ತೋಳ ದಟ್ಟಡವಿಯ ಪ್ರಾಣಿಯಲ್ಲ. ಬೇಟೆಯ ಬೆನ್ನು ಹತ್ತಲು ಅದಕ್ಕೆ ಬಯಲು ಬೇಕು. ಹಗಲು ಮರೆಯಾಗಲು ಕುರುಚಲು, ಮರಿ ಹಾಕಲು ಹಳ್ಳದ ದಂಡೆಯ ಬಿಲವೋ ಕಲ್ಲುಸಂದಿಯೋ ಸಾಕು. ಸಹ್ಯಾದ್ರಿಯ ಮಳೆನೆರಳಿನ ಈ ಭಾಗಕ್ಕೆ ಒಗ್ಗುವುದು ಹುಲ್ಲು, ಜಾಲಿ, ಬಾರಿ, ಕವಳಿ. ಮೂಡಲಗಿಯ ನೆರೆಯ ಮುಧೋಳ ಹಾಗೂ ಅದರಾಚೆಯ ಬೀಳಗಿ ತಾಲ್ಲೂಕುಗಳಲ್ಲಿ ಇಂಥದೇ ಕುರುಚಲು ನೆಲದ ಸುಮಾರು 96 ಚದರ ಕಿಲೋಮೀಟರ್ ಪ್ರದೇಶ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಾಯಿತು. ಗಡಿಯ ಆಚೆ ವನ್ಯಧಾಮವೆನಿಸಿದ ನೆಲ ಈಚೆ ಮಾತ್ರ ಬಂಜರು ಹೇಗಾದೀತು?

ಕಂದಾಯ ಹುಟ್ಟದ ನೆಲವನ್ನೆಲ್ಲ ಬ್ರಿಟಿಷ್ ಆಡಳಿತ ಪಾಳು ಎಂದು ದಾಖಲೆಗೆ ಸೇರಿಸಿತು. ಸ್ವತಂತ್ರ ಭಾರತವೂ ಆ ಲೆಕ್ಕವನ್ನೇ ಮುಂದುವರಿಸಿತು. ಹೀಗಾಗಿ ದಖ್ಖನಿನ ಹುಲ್ಲುಬಯಲಲ್ಲಿ ನೀಲಗಿರಿ, ಗ್ಲಿರಿಸಿಡಿಯಾ ನೆಡುವುದು ಉದ್ಧಾರದ ಕೆಲಸವೆನಿಸಿತು. ನೆರಳು ದಟ್ಟವಾದಲ್ಲಿ ಹುಲ್ಲು ಸಾಯುತ್ತದೆ, ಹುಲ್ಲಿನ ಹಿಂದೆ ಮೊಲ, ಚಿಂಕಾರಗಳೂ ಹೋಗುತ್ತವೆ. ಹಿಡಕಲ್ ಅಣೆಕಟ್ಟಿನ ನೀರು ಹರಿದು ಕಬ್ಬು ಹಬ್ಬಿರುವ ಸೀಮೆಯಲ್ಲಿ ಉಳಿದಿರುವ ಮಡ್ಡಿಯೇ ಅಲ್ಪ. ಅದನ್ನೂ ನೆಡುತೋಪು ಮಾಡಿದರೆ ಬಯಲಿನ ಜೀವಿಗಳಿಗೆ ನೆಲೆಯೇ ಇಲ್ಲ.

ಕುರಿಗಾರ ಕಾಡಿನ ವೈರಿ ಎಂಬ ಎರಡನೆಯ ನಂಬಿಕೆ ಇನ್ನೂ ಕ್ರೂರವಾದದ್ದು. ಭಾರತ, ಪಾಕಿಸ್ತಾನ ಸೇರಿ ಉಳಿದಿರುವ ಸುಮಾರು 3,000 ತೋಳಗಳಲ್ಲಿ ಬಹುಪಾಲು ರಕ್ಷಿತ ಪ್ರದೇಶಗಳ ಹೊರಗೆ, ಜನರ ನಡುವೆಯೇ ಬದುಕಿವೆ. ಕಾಡುಬೇಟೆ ಸಿಗದ ಕಡೆ ಅವುಗಳ ಹೊಟ್ಟೆ ತುಂಬಿಸುವುದು ಕುರಿಮಂದೆ. ತೋಳ ಉಳಿಸುವ ಖರ್ಚು ಹೀಗೆ ಹಾಲುಮತದ ಕುರಿಗಾರನ ತಲೆಗೆ ಬಿದ್ದಿದೆ. ಮಂದೆಯಲ್ಲಿ ತೋಳಕ್ಕೂ ಒಂದು ಪಾಲುಂಟು ಎಂಬ ನಂಬಿಕೆ ದಖ್ಖನಿನ ಕುರಿಗಾರರಲ್ಲಿ ಇಂದಿಗೂ ಉಳಿದಿದೆ. ನಾಯಿ ಸಾಕಿ, ದಡ್ಡಿಗೆ ಮುಳ್ಳು ಹಚ್ಚಿ, ಸರದಿಯಂತೆ ಎಚ್ಚರವಿದ್ದು ಮಂದೆ ಕಾಯುತ್ತಾರೆ. ಅಷ್ಟಾದರೂ ಹೋದ ಮರಿಯ ನಷ್ಟ ನುಂಗಿಕೊಳ್ಳುತ್ತಾರೆ. ಸಮುದಾಯದ ಸಂರಕ್ಷಣೆ ಎಂದು ನಾನು ಕರೆಯುವುದು ಇದನ್ನೇ. ಫಲಕ, ನೋಂದಣಿ ಇಲ್ಲವೆಂದು ಅದನ್ನು ಲೆಕ್ಕಕ್ಕೆ ಹಿಡಿಯದಿರುವುದು ಅನ್ಯಾಯ.

ಕುರಿ ಮೇದು ನೆಲ ಬರಡಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮಂದೆ ಒಂದೇ ತುಣುಕಿಗೆ ಕಟ್ಟುಬಿದ್ದರೆ ಖಂಡಿತ ಬರಡಾಗುತ್ತದೆ. ಋತುವಿಗೊಂದು ದಿಕ್ಕಿಗೆ ಸರಿಯುವ ಸಂಚಾರಿ ಮಂದೆಯಿಂದ ಹುಲ್ಲಿಗೆ ಬಿಡುವು, ತಂಗಿದ ಹೊಲಕ್ಕೆ ಗೊಬ್ಬರ. ಗಾಯರಾಣ ಒತ್ತುವರಿಯಾದಷ್ಟೂ, ನೆಡುತೋಪಿಗೆ ಬೇಲಿ ಬಿದ್ದಷ್ಟೂ ಉಳಿದ ತುಣುಕಿನ ಮೇಲೆ ಭಾರ ಹೆಚ್ಚುತ್ತದೆ. ಬಿಲಕ್ಕೆ ಹೊಗೆ ಹಾಕುವವರು, ಸತ್ತ ಕುರಿಗೆ ವಿಷ ಸವರುವವರು ಇಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ತೋಳವನ್ನು ಕೊಲ್ಲುವುದು ಅಪರಾಧವೇ. ಆದರೆ ನಷ್ಟವನ್ನೆಲ್ಲ ಒಬ್ಬನೇ ಹೊರಬೇಕಾದಾಗ ಸಹನೆ ತೀರಿಹೋಗುವುದು ಸಹಜ. ಬರೀ ಶಿಕ್ಷೆಯ ಭಯದಿಂದ ಅದನ್ನು ಮರಳಿ ತರಲಾಗದು.

ಮಾಡಬೇಕಾದದ್ದು ಸ್ಪಷ್ಟವಿದೆ. ಊರೂರು ಅಲೆಯುವ ಕುರಿಗಾರನಿಗೆ ಕುರಿ ಸತ್ತ ಜಾಗದಲ್ಲೇ ಪಂಚನಾಮೆ ಮುಗಿದು ಪರಿಹಾರ ಸಿಗಬೇಕು. ಸಂಚಾರಿ ಪಶುಪಾಲಕರ ಋತುಮಾನದ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಒಪ್ಪಿದೆ. ಅರ್ಹರಿಗೆ ಅದು ದಕ್ಕಬೇಕು. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ಸಮಿತಿಗಳು ತಮ್ಮ ದಾಖಲಾತಿಯಲ್ಲಿ ಮಡ್ಡಿಯ ಹುಲ್ಲು, ತೋಳ, ಮಂದೆಯ ದಾರಿಗಳನ್ನು ಬರೆದಿಡಬೇಕು. ತೋಳಗಳಿಗೆ ರೇಬಿಸ್, ಡಿಸ್ಟೆಂಪರ್ ಹರಡದಂತೆ ಊರ ನಾಯಿಗಳಿಗೆ ಲಸಿಕೆ ಹಾಕಿಸಬೇಕು. ಇಷ್ಟಕ್ಕೆಲ್ಲ ಮೊದಲು ವನಮಹೋತ್ಸವದ ಸಸಿಗಳು ಗಾಯರಾಣ ಬಿಟ್ಟು ರಸ್ತೆಬದಿಗೆ, ಶಾಲೆಯಂಗಳಕ್ಕೆ ಹೋಗಲಿ. ಮಡ್ಡಿಯ ಭವಿಷ್ಯ ತೀರ್ಮಾನಿಸುವ ಸಭೆಗಳಲ್ಲಿ ಕುರಿಗಾರರನ್ನು ಮೊದಲ ಸಾಲಿನಲ್ಲಿ ಕೂರಿಸಿ ಕೇಳಬೇಕು.