ಪಾರ್ಲರ್ ಬೇಕು, ಪಾರ್ಲರಿನವಳು ಬೇಡ

"ಓದು ಯಾಕೋ ತಲೆಗೆ ಹತ್ತಲಿಲ್ಲ, ಅದಕ್ಕೇ ಬ್ಯೂಟಿಶಿಯನ್ ಕೋರ್ಸಿಗೆ ಹಾಕಿದೀವಿ."

ಈ ಮಾತನ್ನು ನೀವೂ ಕೇಳಿರುತ್ತೀರಿ. ಮಗಳ ಬಗ್ಗೆ ಹೇಳುವ ತಾಯಿಯ ದನಿ ಇಲ್ಲಿ ಒಂದು ಮೆಟ್ಟಿಲು ಕೆಳಗಿಳಿಯುತ್ತೆ. ಟೈಲರಿಂಗ್ ಕಲಿಯಲು ಕಳಿಸಿದವರ ದನಿ ಇಷ್ಟು ಇಳಿಯುವುದಿಲ್ಲ. ಅಷ್ಟೇ ಅಲ್ಲ, ಪಾರ್ಲರಿನ ವಿಷಯಕ್ಕೆ ಇನ್ನೊಂದು ವಾಕ್ಯ ತಾನಾಗೇ ಅಂಟಿಕೊಂಡು ಬರುತ್ತೆ: "ಬರೀ ಲೇಡೀಸ್ ಪಾರ್ಲರು, ಗಂಡಸರು ಯಾರೂ ಬರಲ್ಲ." ಯಾರೂ ಕೇಳಿರುವುದಿಲ್ಲ. ಆದರೂ ಹೇಳಲೇಬೇಕು. ಮೊದಲ ವಾಕ್ಯ ಹುಡುಗಿಗೆ ಬುದ್ಧಿ ಕಮ್ಮಿ ಅನ್ನೋ ಆರೋಪ ಒಪ್ಪಿಕೊಳ್ಳುತ್ತೆ, ಎರಡನೆಯದು ನಡತೆಯ ಮೇಲೆ ಇನ್ನೂ ಯಾರೂ ಹೊರಿಸದ ಆರೋಪಕ್ಕೆ ಮೊದಲೇ ಉತ್ತರ ಕೊಡುತ್ತೆ.

ಇಷ್ಟು ಅನುಮಾನ ಇರುವ ಜಾಗಕ್ಕೆ ನಾವು ಹೋಗುವುದನ್ನು ಬಿಟ್ಟಿದ್ದೀವಾ? ಇಲ್ಲ. ಮದುವೆಯ ಹಿಂದಿನ ದಿನ, ಹಬ್ಬದ ಮುಂಚೆ, ಇಂಟರ್‌ವ್ಯೂ ಇರುವ ವಾರ, ಎಲ್ಲರೂ ಅಲ್ಲೇ. ಅಂದಮೇಲೆ ನಮಗೆ ಸೌಂದರ್ಯದ ಮೇಲೆ ತಕರಾರಿಲ್ಲ. ಅದನ್ನು ಮಾಡಿಕೊಡುವ ಕೈಯ ಮೇಲೆ ತಕರಾರು. ಇನ್ನೊಬ್ಬರ ಕೂದಲು, ಕಾಲು, ಕಂಕುಳು ಮುಟ್ಟುವ ಕೈ ಸ್ವಲ್ಪ ಕೀಳು ಅನ್ನೋ ಹಳೇ ಲೆಕ್ಕ ನಮ್ಮೊಳಗೆ ಇನ್ನೂ ನಡೀತಾ ಇದೆ. ಈ ಬರಹದಲ್ಲಿ ನಾನು ಹೇಳಬೇಕಿರುವುದು ಇದೊಂದೇ.

ಮೊದಲು 'ತಲೆ ಬೇಡದ ಕೆಲಸ' ಅನ್ನುವುದನ್ನೇ ನೋಡೋಣ. ನಮ್ಮ ದೊಡ್ಡಮ್ಮನ ಮಗಳು ಹಾಸನದಲ್ಲಿ ಒಂದು ಸಣ್ಣ ಪಾರ್ಲರ್ ಇಟ್ಟಿದ್ದಾಳೆ. ಹೋದಾಗಲೆಲ್ಲ ಅಕ್ಕನ ಕೆಲಸ ನೋಡುತ್ತಾ ಕೂರುವುದು ನನಗೆ ಅಭ್ಯಾಸ. ಹುಬ್ಬು ತಿದ್ದುವಾಗ ದಾರದ ಒಂದು ತುದಿ ಅವಳ ಹಲ್ಲಲ್ಲಿ, ಉಳಿದದ್ದು ಎರಡೂ ಕೈಯ ಬೆರಳುಗಳಲ್ಲಿ. ದಾರದ ಗಂಟು ಸರಿಯುವ ವೇಗ, ಕೂದಲು ಬೆಳೆದ ದಿಕ್ಕು, ಎದುರಿಗಿರುವವರ ಚರ್ಮ ಎಷ್ಟು ತೆಳು, ಇಷ್ಟನ್ನೂ ಕತ್ತು ಬಗ್ಗಿಸಿಕೊಂಡೇ ಲೆಕ್ಕ ಹಾಕಬೇಕು. ಒಂದೆಳೆ ಜಾಸ್ತಿ ಹೋಯಿತೋ, ಆ ಹುಬ್ಬು ವಾರಗಟ್ಟಲೆ ಅವಳ ವಿರುದ್ಧ ಸಾಕ್ಷಿ ಹೇಳಿಕೊಂಡು ಊರೆಲ್ಲಾ ತಿರುಗುತ್ತೆ.

ಇದು ಹುಬ್ಬಿನ ಮಾತಾಯಿತು. ಕಪ್ಪು ಹೇರ್ ಡೈಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತೆ. ಕೆಲವರಿಗೆ ಅದರಿಂದ ಮುಖ ಊದಿಕೊಂಡು ಆಸ್ಪತ್ರೆ ಸೇರುವಷ್ಟು ಅಲರ್ಜಿಯಾಗುತ್ತೆ. ಅದಕ್ಕೇ 48 ಗಂಟೆ ಮುಂಚೆ ಚೂರು ಹಚ್ಚಿ ಪರೀಕ್ಷೆ ಮಾಡಬೇಕು ಅನ್ನೋ ನಿಯಮ ಡಬ್ಬಿಯ ಮೇಲೇ ಇರುತ್ತೆ. ತಲೆ ತೊಳೆಯುವಾಗ ಕುತ್ತಿಗೆಯನ್ನು ಬೇಸಿನ್ನಿನ ಅಂಚಿಗೆ ಹಿಂದಕ್ಕೆ ಬಗ್ಗಿಸುತ್ತಾರಲ್ಲ, ಅದರಿಂದ ಪಾರ್ಶ್ವವಾಯು ಆದ ಐದು ಪ್ರಕರಣಗಳನ್ನು ಅಮೆರಿಕದ ನರರೋಗ ತಜ್ಞರೊಬ್ಬರು 1993ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. 'ಬ್ಯೂಟಿ ಪಾರ್ಲರ್ ಸ್ಟ್ರೋಕ್' ಅನ್ನೋ ಹೆಸರು ಬಂದದ್ದು ಅಲ್ಲಿಂದ. ವಯಸ್ಸಾದವರು ಬಂದರೆ ಕುತ್ತಿಗೆ ಕೆಳಗೆ ಟವೆಲ್ ಮಡಚಿ ಇಡುವ ಹುಡುಗಿಗೆ ಆ ಪತ್ರಿಕೆ ಗೊತ್ತಿರಲಿಕ್ಕಿಲ್ಲ, ಕೆಲಸ ಗೊತ್ತಿದೆ.

ಅಪಾಯ ಗಿರಾಕಿಗೆ ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಷೌರಿಕರು ಮತ್ತು ಹೇರ್ ಡ್ರೆಸರ್‌ಗಳ ವೃತ್ತಿಯನ್ನೇ ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ '2ಎ' ಗುಂಪಿನಲ್ಲಿ ಇಟ್ಟಿದೆ. ದಿನಾ ಆ ರಾಸಾಯನಿಕಗಳ ಜತೆ ಇರುವುದಕ್ಕೆ ಸಿಕ್ಕ ಪಟ್ಟ ಅದು. ಇದನ್ನು ತಲೆ ಓಡದವರ ಕೆಲಸ ಅಂತ ಕರೆಯಲು ನಿಜಕ್ಕೂ ಧೈರ್ಯ ಬೇಕು.

ಇನ್ನು 'ಅದು ಹೆಂಗಸರ ಕೆಲಸ ಬಿಡ್ರಿ' ಅನ್ನುವ ಮಾತು. ಇದಕ್ಕೆ ಹಿಂದಿ ಸಿನಿಮಾ ಲೋಕ ಕೊಟ್ಟ ಉತ್ತರ ಕೇಳಿದರೆ ನಗು ಬರುತ್ತೆ. ಮುಂಬೈನ ಸಿನಿಮಾ ಮೇಕಪ್ ಕಲಾವಿದರ ಸಂಘದಲ್ಲಿ ದಶಕಗಳ ಕಾಲ ಹೆಂಗಸರಿಗೆ ಮೇಕಪ್ ಕಲಾವಿದರ ಕಾರ್ಡು ಕೊಡುತ್ತಲೇ ಇರಲಿಲ್ಲ. ಬೇಕಿದ್ದರೆ ಕೂದಲು ಬಾಚುವ ಕೆಲಸ ಮಾಡಿ, ಮುಖ ಮುಟ್ಟಬೇಡಿ ಅನ್ನೋದು ನಿಯಮ. ಕಾರಣ? ಗಂಡು ಹೆಣ್ಣು ಇಬ್ಬರಿಗೂ ಹೊಟ್ಟೆಪಾಡು ನಡೆಯಬೇಕಲ್ಲ ಅಂತ! ಚಾರು ಖುರಾನಾ ಅನ್ನುವ ಮೇಕಪ್ ಕಲಾವಿದೆ ಮತ್ತು ಅವರ ಜತೆಗಾರ್ತಿಯರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2014ರ ನವೆಂಬರ್ 10ರಂದು ಆ ನಿಯಮ ರದ್ದಾಯಿತು. ಮಂಗಳನ ಸುತ್ತ ನಮ್ಮ ನೌಕೆ ತಿರುಗಲು ಶುರುಮಾಡಿ ಒಂದು ತಿಂಗಳು ದಾಟಿತ್ತು ಆಗ.

ನೋಡಿ, ಬೀದಿಯ ಪಾರ್ಲರಿನಲ್ಲಿ ಇದು ಹೆಂಗಸರಿಗೆ ಹುಟ್ಟಿನಿಂದ ಬರುವ ಕೆಲಸ, ಕಲಿಯುವಂಥದ್ದೇನೂ ಇಲ್ಲ. ಹೆಸರು, ದುಡ್ಡು, ಪರದೆಯ ಮೇಲೆ ಕ್ರೆಡಿಟ್ಟು ಸಿಗುವ ಕಡೆ ಇದೇ ಕೆಲಸ ಕಲೆ, ಹೆಂಗಸರಿಗೆ ಪ್ರವೇಶವಿಲ್ಲ. ಅವರ ಕೈಚಳಕದ ಮೇಲೆ ಅನುಮಾನ ಇದ್ದಿದ್ದರೆ ಎರಡೂ ಕಡೆ ಇರಬೇಕಿತ್ತು.

ಗಂಡಸರ ಸಲೂನಿನ ಕಥೆಯಲ್ಲಿ ಹೆಣ್ಣಿನ ಜಾಗಕ್ಕೆ ಜಾತಿ ಬಂದು ಕೂರುತ್ತೆ. ಕ್ಷೌರದ ಕಸುಬಿನವರಿಗೆ ಕನ್ನಡದಲ್ಲಿರುವ ಹಳೇ ಹೆಸರು ಇವತ್ತಿಗೂ ಜಗಳದಲ್ಲಿ ಬೈಗುಳ. ಸವಿತಾ ಸಮಾಜ ಅಂತ ತಮ್ಮನ್ನು ಕರೆದುಕೊಂಡವರು ಆ ಪದ ಬಳಸಬೇಡಿ ಅಂತ ಕೇಳುತ್ತಲೇ ಇದ್ದಾರೆ, ನಾವು ಬಳಸುತ್ತಲೇ ಇದ್ದೀವಿ. 2009ರಲ್ಲಿ ಶಾರುಖ್ ಖಾನ್ ನಿರ್ಮಾಣದ 'ಬಿಲ್ಲು ಬಾರ್ಬರ್' ಬಿಡುಗಡೆಯಾಗುವ ಹೊತ್ತಿಗೆ ಮುಂಬೈನ ಸಲೂನು, ಪಾರ್ಲರುಗಳ ಸಂಘ ಆ ಹೆಸರಿಗೆ ಆಕ್ಷೇಪ ಎತ್ತಿತು. ಚಿತ್ರ ಬರೀ 'ಬಿಲ್ಲು' ಆಯಿತು. ಬಾರ್ಬರ್ ಅನ್ನೋದು ಇಂಗ್ಲಿಷಿನಲ್ಲಿ ಮಾಮೂಲಿ ಪದ, ಅದಕ್ಕೇನು ರಂಪ ಅಂತ ಕೇಳಿದವರು ಬಹಳ. ನನಗೆ ಆ ಆಕ್ಷೇಪ ಅರ್ಥವಾಗುತ್ತೆ. ಪದದ ಅರ್ಥ ನಿಘಂಟಿನಲ್ಲಿ ಇರುತ್ತೆ. ಅದರ ಏಟು, ಅದನ್ನು ತಲೆತಲಾಂತರದಿಂದ ಅನ್ನಿಸಿಕೊಂಡವರ ಕಿವಿಯಲ್ಲಿ ಇರುತ್ತೆ.

ಅದೇ ಕತ್ತರಿ, ಅದೇ ಬಾಚಣಿಗೆ. ಏಸಿ ಹಾಕಿಸಿ, ಗಾಜಿನ ಬಾಗಿಲಿಟ್ಟು, ಇಂಗ್ಲಿಷಿನಲ್ಲಿ ಹೆಸರು ಬರೆಸಿದರೆ 'ಹೇರ್ ಸ್ಟೈಲಿಸ್ಟ್' ಆಗಿಬಿಡುತ್ತಾರೆ. ಅಲ್ಲಿ ಬಿಲ್ಲು ನೋಡಿ ಯಾರೂ ಚೌಕಾಸಿ ಮಾಡಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಹತ್ತು ರೂಪಾಯಿ ಜಾಸ್ತಿ ಮಾಡಿದರೆ "ಏನಪ್ಪಾ ನಿಂದು" ಅಂತ ಏಕವಚನದಲ್ಲಿ ದಬಾಯಿಸುತ್ತಾರೆ, ಅದೂ ಕತ್ತಿನ ಮೇಲೆ ಬ್ಲೇಡು ಇರುವಾಗ!

ಹಳ್ಳಿಗೆ ಹೋದರೆ ಇದು ತಮಾಷೆಯಾಗಿ ಉಳಿಯಲ್ಲ. 2020ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಒಬ್ಬ ಕ್ಷೌರಿಕರಿಗೆ ಊರಿನ ಪ್ರಬಲರು ದಂಡ ಹಾಕಿ ಬಹಿಷ್ಕಾರವನ್ನೂ ಹೇರಿದ್ದಾರೆ ಎಂಬ ದೂರು ದೊಡ್ಡ ಸುದ್ದಿಯಾಗಿತ್ತು. ಇದರ ಕ್ರೌರ್ಯ ಯೋಚಿಸಿ. ಕಸುಬು ಕೀಳು ಅಂತ ಹೇಳುವವರೂ ಇವರೇ, ಆ ಕಸುಬಿನ ಕತ್ತರಿ ಯಾರ ತಲೆ ಮುಟ್ಟಬೇಕು ಅಂತ ತೀರ್ಮಾನ ಮಾಡುವವರೂ ಇವರೇ. ತುಳಿಸಿಕೊಂಡವನ ಕೈಯಲ್ಲೇ ಇನ್ನೊಬ್ಬನನ್ನು ದೂರ ಇಡಿಸುವ ಕೆಲಸ.

ನಡತೆಯ ವಿಷಯಕ್ಕೆ ಬರ್ತೀನಿ. 2025ರ ಜನವರಿಯಲ್ಲಿ ಮಂಗಳೂರಿನ ಬಿಜೈನಲ್ಲಿ ಒಂದು ಗುಂಪು ಯೂನಿಸೆಕ್ಸ್ ಸಲೂನೊಂದಕ್ಕೆ ನುಗ್ಗಿ, ಅಲ್ಲಿ ಅನೈತಿಕ ಚಟುವಟಿಕೆ ನಡೆಯುತ್ತಿದೆ ಅಂತ ಕೂಗಿ, ಸಿಕ್ಕಿದ್ದೆಲ್ಲ ಒಡೆದು ಹಾಕಿತು. ಪೊಲೀಸರು ಹಲವರನ್ನು ಬಂಧಿಸಿದರು. ಮಸಾಜ್, ಸ್ಪಾ ಹೆಸರಿನಲ್ಲಿ ಕೆಲವು ಕಡೆ ಹೆಣ್ಣುಮಕ್ಕಳನ್ನು ದಂಧೆಗೆ ದೂಡುವುದು ಸುಳ್ಳಲ್ಲ. ಅದಕ್ಕೆ ಕಾನೂನಿದೆ, ಪೊಲೀಸರಿದ್ದಾರೆ. ಬ್ಯಾಂಕಿನಲ್ಲಿ ಮೋಸ ನಡೆದಾಗ ಬ್ಯಾಂಕಿನ ಕ್ಲರ್ಕು ಸಂಜೆ ಮನೆಗೆ ಹೋಗುವಾಗ ಯಾರೂ ಅವಳನ್ನು ಮೇಲಿಂದ ಕೆಳಗೆ ನೋಡಲ್ಲ. ಪಾರ್ಲರಿನ ಹುಡುಗಿಯನ್ನು ನೋಡ್ತಾರೆ.

ಅಕ್ಕನ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿ ಬಾಡಿಗೆ ಮನೆ ಹುಡುಕುವಾಗ ಓನರ್ ಆಂಟಿಗೆ "ಪ್ರೈವೇಟ್ ಕಂಪನಿ" ಅಂತಲೇ ಹೇಳಿದ್ದು. ಗಂಡಿನ ಕಡೆಯವರು ಬಂದಾಗಲೂ ಅದೇ ಉತ್ತರ. ಅಂಗಡಿ ಬಾಗಿಲಿನ ಪರದೆ ಇನ್ನೊಂದು ಸಮಸ್ಯೆ. ಎಳೆದರೆ ಎದುರಿನ ಅಂಗಡಿಯವರಿಗೆ ಒಳಗೇನು ನಡೆಯುತ್ತೋ ಅನ್ನೋ ಕುತೂಹಲ. ತೆಗೆದರೆ ಗಿರಾಕಿಗಳೇ ಒಳಗೆ ಬರಲ್ಲ. ಬೋರ್ಡಿನಲ್ಲಿ ಪಾರ್ಲರಿನ ಹೆಸರಿಗಿಂತ 'ಮಹಿಳೆಯರಿಗೆ ಮಾತ್ರ' ಅನ್ನೋದೇ ದಪ್ಪಕ್ಷರ. ಅದು ಅವಳ ಮಾನಕ್ಕೆ ಅವಳೇ ಕಟ್ಟಿಕೊಂಡ ಕಾವಲು.

ಇಷ್ಟೆಲ್ಲ ಓದಿ ತಲೆಯಾಡಿಸುತ್ತಿರುವ ಪ್ರಗತಿಪರ ಗೆಳೆಯ ಗೆಳತಿಯರಿಗೂ ಒಂದು ಮಾತಿದೆ. ಜಾತಿ, ನಡತೆಯ ಮಾತು ನಾವು ಆಡಲ್ಲ, ನಿಜ. ನಮ್ಮ ತಾತ್ಸಾರ ಬೇರೆ ಥರದ್ದು. ಹೆಣ್ಣಿನ ದೇಹವನ್ನು ಮಾರುಕಟ್ಟೆಗೆ ಇಟ್ಟವರು ಇವರು, ಬಿಳಿ ಬಣ್ಣದ ಹುಚ್ಚು ಹಿಡಿಸಿದವರು ಇವರು ಅಂತ ಬೈಯುವುದು. ಬಿಳಿ ಬಣ್ಣದ ಹುಚ್ಚಿನ ಲೆಕ್ಕ ತೆಗೆದರೆ, 'ಫೇರ್ ಅಂಡ್ ಲವ್ಲಿ' ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಕಪ್ಪಗಿದ್ದ ಹುಡುಗಿ ಬೆಳ್ಳಗಾಗಿ ಕೆಲಸ, ಗಂಡ ಎರಡನ್ನೂ ಗಿಟ್ಟಿಸಿಕೊಳ್ಳುವ ಜಾಹೀರಾತನ್ನು ದಶಕಗಟ್ಟಲೆ ತೋರಿಸಿ, 2020ರಲ್ಲಿ ಕಂಪನಿ ಹೆಸರನ್ನು 'ಗ್ಲೋ ಅಂಡ್ ಲವ್ಲಿ' ಅಂತ ಬದಲಿಸಿತು. ಅಷ್ಟು ವರ್ಷ ಆ ಹುಚ್ಚಿನಿಂದ ದುಡ್ಡು ಮಾಡಿದವರು ಉದ್ಯಮಿಗಳು. ಆ ಹುಚ್ಚನ್ನು ಎದುರಿಗೆ ಕೂರಿಸಿಕೊಂಡು ಮುಖ ತಿಕ್ಕುವವಳು ಬೈಸಿಕೊಳ್ಳುತ್ತಾಳೆ. "ಬೆಳ್ಳಗೆ ಮಾಡಿ ಅಂತ ನಾನು ಹೇಳಲ್ಲ ಕಣೇ. ಹುಡುಗಿ ಕೂತಿರ್ತಾಳೆ, ಹಿಂದೆ ನಿಂತು ಅವಳಮ್ಮ ಹೇಳ್ತಾರೆ" ಅನ್ನುತ್ತಾಳೆ ಅಕ್ಕ.

ಹಾಗಂತ ಪಾರ್ಲರಿನವರದು ಏನೂ ತಪ್ಪಿಲ್ಲ ಅನ್ನಲಾರೆ. ಹುಬ್ಬಿಗೆ ಅಂತ ಹೋದವಳಿಗೆ "ಮೇಡಂ ತುಂಬಾ ಟ್ಯಾನ್ ಆಗಿದೆ, ಡೀಟ್ಯಾನ್ ಮಾಡಿಸ್ಕೊಳ್ಳಿ, ಕೂದಲೂ ಉದುರ್ತಿದೆ" ಅಂತ ಒಂದೊಂದೇ ಕೊರತೆ ಎಣಿಸುವುದು ನನಗೂ ಮೈ ಉರಿಸುತ್ತೆ. ಆ ಮಾತು ಕೇಳಿ ಕನ್ನಡಿ ಮುಂದೆ ಕುಗ್ಗಿಹೋದ ಹದಿನಾರರ ಹುಡುಗಿಯರನ್ನು ನೋಡಿದ್ದೀನಿ. ಅದನ್ನು ಟೀಕಿಸೋಣ. ಆದರೆ ದೊಡ್ಡ ಸಲೂನುಗಳಲ್ಲಿ ಆ ಹುಡುಗಿಗೆ ತಿಂಗಳಿಗೆ ಇಷ್ಟು ಕ್ರೀಮು ಮಾರಬೇಕು ಅಂತ ಟಾರ್ಗೆಟ್ ಕೊಟ್ಟವರಿಂದ ಟೀಕೆ ಶುರುವಾಗಲಿ.

ತಾತ್ಸಾರದಿಂದ ಆಗುವ ದೊಡ್ಡ ನಷ್ಟ ಏನು ಗೊತ್ತಾ? ಇದು ಕೆಲಸ ಅಂತಲೇ ನಮಗೆ ಕಾಣಲ್ಲ. ಕೋವಿಡ್ ಲಾಕ್‌ಡೌನಿನಲ್ಲಿ, 2020ರ ಮೇ ತಿಂಗಳು, ರಾಜ್ಯ ಸರ್ಕಾರ 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಒಳ್ಳೇದೇ ಆಯಿತು. ಆದರೆ 'ಕ್ಷೌರಿಕ' ಅಂದ ಕೂಡಲೇ ನಮ್ಮ ಕಣ್ಣಿಗೆ ಬಂದದ್ದು ತಿರುಗುವ ಕುರ್ಚಿಯ ಪಕ್ಕ ನಿಂತ ಗಂಡಸು. ಪರದೆಯ ಹಿಂದೆ ಬಾಡಿಗೆ ಕಟ್ಟಲಾಗದೆ ಕೂತ ಹೆಂಗಸು ನಮ್ಮ ಮಾತಿನಲ್ಲಿ ಬರಲೇ ಇಲ್ಲ.

ಗಿಗ್ ಕಾರ್ಮಿಕರು ಅಂದಾಗಲೂ ಅಷ್ಟೇ, ಬೈಕಿನ ಮೇಲೆ ಊಟ ತರುವ ಹುಡುಗ ನೆನಪಾಗ್ತಾನೆ. ಆದರೆ 2021ರ ಅಕ್ಟೋಬರಿನಲ್ಲಿ ಗುರುಗ್ರಾಮದ ಅರ್ಬನ್ ಕಂಪನಿ ಕಚೇರಿ ಮುಂದೆ ಕಮಿಷನ್ನು, ರೇಟಿಂಗಿನ ವಿರುದ್ಧ ಧರಣಿ ಕೂತವರು ಮನೆಮನೆಗೆ ಹೋಗಿ ಫೇಶಿಯಲ್, ವ್ಯಾಕ್ಸಿಂಗ್ ಮಾಡುವ ಹೆಂಗಸರು. ಡಿಸೆಂಬರಿನಲ್ಲಿ ಮತ್ತೆ ಕೂತಾಗ ಕಂಪನಿ ಅವರ ಮೇಲೆ ಕೋರ್ಟಿಗೆ ಹೋಯಿತು. ಗುರುತಿಲ್ಲದವರ ಮನೆಯೊಳಗೆ, ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಕೆಲಸ ಮಾಡಿ, ಹೊರಟ ಮೇಲೆ ಐದು ಸ್ಟಾರಿಗೆ ಕಾಯುವ ಕೆಲಸ ಅದು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿದೆ. ಆ ಕಾಯ್ದೆಯ ಬಗ್ಗೆ ಮಾತಾಡುವಾಗ ಬ್ಯಾಗು ಹೊತ್ತು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೆಸರು ಬರೆಯುತ್ತಾ ನಿಂತ ಈ ಹೆಂಗಸೂ ನಮ್ಮ ನೆನಪಿನಲ್ಲಿ ಇರಬೇಕು.

ಗೌರವ ಅಂದರೆ ಕೈಮುಗಿಯೋದು ಅಂತಲ್ಲ. ವೃತ್ತಿಯವರನ್ನು ವೃತ್ತಿಯವರ ಹಾಗೆ ನಡೆಸಿಕೊಂಡರೆ ಸಾಕು. ಮದುವೆಯಲ್ಲಿ ಛತ್ರಕ್ಕೆ ಮುಂಗಡ ಕೊಡುತ್ತೀವಿ, ಫೋಟೋದವರಿಗೆ ಕೊಡುತ್ತೀವಿ, ಅಡುಗೆಯವರ ಹತ್ತಿರವಂತೂ ಮರ್ಯಾದೆಯಿಂದಲೇ ಮಾತಾಡುತ್ತೀವಿ. ಬೆಳಗಿನ ಜಾವ ಮೂರಕ್ಕೆ ಎದ್ದು, ಪೆಟ್ಟಿಗೆ ಹೊತ್ತುಕೊಂಡು ಬಂದು, ಮುಹೂರ್ತಕ್ಕೆ ಸರಿಯಾಗಿ ಹುಡುಗಿಯನ್ನು ಸಿದ್ಧ ಮಾಡಿದವಳು ದುಡ್ಡು ಕೇಳಿದಾಗ ಮಾತ್ರ "ಅಯ್ಯೋ, ಬಣ್ಣ ಬಳಿಯೋಕೆ ಇಷ್ಟಾ?" ಅನ್ನುತ್ತೀವಿ. ಊಟ ಆಯ್ತಾ ಅಂತ ಅವಳನ್ನು ಕೇಳುವವರು ಆ ಛತ್ರದಲ್ಲಿ ಎಷ್ಟು ಜನ ಇರುತ್ತಾರೆ, ಮುಂದಿನ ಮದುವೆಯಲ್ಲಿ ಸ್ವಲ್ಪ ಗಮನಿಸಿ.