ಶ್ರುತಪಂಚಮಿಯೂ ಅಂಕಪಟ್ಟಿಯೂ

ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಂದಿಗೇ ಶ್ರುತವು ಲೋಪವಾಗಬಾರದೆಂದು ದಕ್ಷಿಣಾಪಥದಿಂದ ಇಬ್ಬರು ಮುನಿಗಳನ್ನು ಕರೆಸಿಕೊಂಡ ವೃತ್ತಾಂತವು ಧವಲಾ ಟೀಕೆಯಲ್ಲಿದೆ. ಉಪದೇಶಕ್ಕೆ ಮೊದಲು ಆಚಾರ್ಯರು ಅವರನ್ನು ಪರೀಕ್ಷಿಸಿದರು. ಒಬ್ಬರಿಗೆ ಒಂದಕ್ಷರ ಹೆಚ್ಚಾದ, ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯಾದ ಮಂತ್ರವನ್ನು ಕೊಟ್ಟು ಸಾಧಿಸಲು ಹೇಳಿದರು. ಪ್ರತ್ಯಕ್ಷರಾದ ದೇವತೆಗಳಲ್ಲಿ ಒಬ್ಬಳಿಗೆ ಉಬ್ಬುಹಲ್ಲು, ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಗಳಿಗೆ ಇಂಥ ವಿಕಾರವು ಸಹಜವಲ್ಲವೆಂದು ವಿಚಾರಿಸಿದ ಮುನಿಗಳು, ಮಂತ್ರವ್ಯಾಕರಣದ ಬಲದಿಂದ ದೋಷವನ್ನು ಕಂಡುಹಿಡಿದು ತಿದ್ದಿಕೊಂಡರು. ಅವರೇ ಷಟ್ಖಂಡಾಗಮವನ್ನು ಲೋಕಕ್ಕಿತ್ತ ಪುಷ್ಪದಂತ, ಭೂತಬಲಿಗಳು. ಶ್ರುತಪಂಚಮಿಯು ಆ ಗ್ರಂಥದ ಸ್ಮರಣೆ.

ಅಲ್ಲಿ ಕೊಟ್ಟ ಪಾಠದಲ್ಲೇ ದೋಷವಿತ್ತು. ಅದನ್ನು ಗುರುತಿಸಿದ್ದೇ ಉತ್ತೀರ್ಣತೆ. ಮುಖ್ಯವಾಗಿ, ಪರೀಕ್ಷೆ ಮುಗಿದ ಮೇಲೆ ಅಧ್ಯಯನ ಆರಂಭವಾಯಿತು. ಇಂದು ಪರೀಕ್ಷೆ ಮುಗಿದೊಡನೆ ಅಧ್ಯಯನವೇ ಮುಗಿಯುತ್ತದೆ.

2024ರ ನೀಟ್ ಪರೀಕ್ಷೆಯಲ್ಲಿಯೂ ದೋಷವುಳ್ಳ ಪಾಠವೊಂದು ಎದುರಾಗಿತ್ತು. ಪ್ರತಿಯೊಂದು ಧಾತುವಿನ ಪರಮಾಣುಗಳೂ ಸ್ಥಿರವೆಂದು ಹಳೆಯ ಪಠ್ಯಪುಸ್ತಕ ಹೇಳಿತ್ತು. ರೇಡಿಯಂನಂಥ ವಿಕಿರಣಶೀಲ ಧಾತುವನ್ನು ಬಲ್ಲವರಿಗೆ ಅದು ತಪ್ಪೆಂದು ತಿಳಿದೀತು. ಪರೀಕ್ಷಾ ಸಂಸ್ಥೆ ಎರಡು ಉತ್ತರಗಳಿಗೂ ಅಂಕ ನೀಡಿತು. ಸರ್ವೋಚ್ಚ ನ್ಯಾಯಾಲಯವು ದೆಹಲಿ ಐ.ಐ.ಟಿ.ಯ ತಜ್ಞರನ್ನು ಕೇಳಿದ ಮೇಲೆ ಒಂದೇ ಉತ್ತರ ನಿಂತಿತು. 4 ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು 5 ಅಂಕ ಕಳೆದುಕೊಂಡರು. ಮೊದಲು 67 ಮಂದಿಗೆ ದೊರೆತಿದ್ದ 720 ಪೂರ್ಣಾಂಕ ಕೊನೆಗೆ 17 ಮಂದಿಗೆ ಉಳಿಯಿತು. ಮನೆಮನೆಯಲ್ಲಿ ಚರ್ಚೆಯಾದದ್ದು ಅಂಕ, ಸ್ಥಾನ, ಸೀಟುಗಳು. ಪರಮಾಣು ಸ್ಥಿರವೋ ಅಸ್ಥಿರವೋ ಎಂಬ ಜಿಜ್ಞಾಸೆಗೆ ಎಡೆಯೇ ಇರಲಿಲ್ಲ.

ಸಾಮಾನ್ಯ ಪರೀಕ್ಷೆಯೇ ಹೇಯವೆಂಬುದು ಇದರ ತಾತ್ಪರ್ಯವಲ್ಲ. ಕರ್ನಾಟಕದಲ್ಲಿ 1994ರಲ್ಲಿ ಸಿ.ಇ.ಟಿ. ಬಂದ ಮೇಲೆ, ಕ್ಯಾಪಿಟೇಶನ್ ಹಣ ತೆರಲಾಗದ ಮನೆಯ ಮಕ್ಕಳಿಗೂ ವೃತ್ತಿಶಿಕ್ಷಣದ ಬಾಗಿಲು ತೆರೆಯಿತು. ಹಂಚಿಕೆಗೆ ಅಳತೆಗೋಲು ಬೇಕು. ಆದರೆ ಅಳತೆಗೋಲನ್ನೇ ಜ್ಞಾನವೆಂದು ಭ್ರಮಿಸುವುದು ಬೇರೆ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ ಎಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಅಂಕವೂ ಅಂಥ ವಸ್ತುವಾಗಬಲ್ಲದು. ಅದೇ ಗ್ರಂಥವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳಲ್ಲಿ ಮಾತ್ಸರ್ಯವನ್ನೂ ಎಣಿಸಿದೆ. ಸಹಪಾಠಿಗೆ ಟಿಪ್ಪಣಿ ಕೊಡಬೇಡವೆಂದು ಮಗುವಿಗೆ ಕಲಿಸುವ ಮನೆಯು ಇದನ್ನು ಯೋಚಿಸಬೇಕು.

ಬಸದಿಗಳ ಪ್ರತಿಭಾ ಪುರಸ್ಕಾರವೂ ಈ ವಿಮರ್ಶೆಗೆ ಹೊರತಲ್ಲ. ಶೇಕಡಾವಾರು ಅಂಕವನ್ನು ಓದಿ, ಶಾಲು ಹೊದಿಸಿ ಕಳುಹಿಸಿದರೆ ಸಮಾಜದ ಹೊಣೆ ತೀರಿತೇ? ಧವಲಾದ ತಾಡೆಯೋಲೆಗಳು ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯಲ್ಲಿಯೇ ಉಳಿದು ಬಂದವು. ಮುದ್ರಿತ ಮೊದಲ ಸಂಪುಟ ಹೊರಬಂದದ್ದು 1939ರಲ್ಲಿ. ಶತಮಾನಗಳ ಕಾಲ ಆ ಓಲೆಗಳನ್ನು ಕಾಪಾಡಿದವರಿಗೆ ಅಂಕಪಟ್ಟಿಯ ಆಸೆಯಿರಲಿಲ್ಲ. ಇಂದು ಆ ಲಿಪಿಯನ್ನು ಓದಬಲ್ಲವರು ವಿರಳ. ಒಂದು ಬಸದಿಯ ಟ್ರಸ್ಟು ವರ್ಷಕ್ಕೊಬ್ಬ ವಿದ್ಯಾರ್ಥಿಗೆ ಅದನ್ನು ಕಲಿಸುವ ವೆಚ್ಚವನ್ನು ಹೊತ್ತರೂ ಶಾಸ್ತ್ರದಾನ ಸಾರ್ಥಕ. ಪುರಸ್ಕಾರದ ವೇದಿಕೆಯಲ್ಲಿ ನಿಂತ ಮಗುವನ್ನು ಎಷ್ಟು ಅಂಕವೆಂದು ಕೇಳಿದ ಮೇಲೆ, ಓದಿದ್ದರಲ್ಲಿ ಯಾವುದು ತಪ್ಪೆನಿಸಿತೆಂದೂ ಕೇಳಬೇಕು. ಧರಸೇನಾಚಾರ್ಯರು ಪರೀಕ್ಷಿಸಿದ್ದು ಅದನ್ನೇ.